ಇಷ್ಟು ಮಾತಾಡುವವನಿಗೆ ಆಸ್ಪರ್ಜರ್ ಹೇಗೆ ಇರುತ್ತೆ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಆಸ್ಪರ್ಜರ್ ಬಗ್ಗೆಯೇ ಇವೆ, ಅಂದರೆ ಆಟಿಸಂನ ಒಂದು ಬಗೆಗೆ ಮೊದಲು ಇದ್ದ ಹೆಸರು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದಲೇ ಹೆಚ್ಚು ಬಂದಿವೆ. ಒಬ್ಬೊಬ್ಬರ ಮನೆಯ ಕಥೆ ಒಂದೊಂದು ಥರ, ಆದರೆ ಎಲ್ಲರ ಕಿವಿಗೂ ಬಿದ್ದಿರುವ ಮಾತು ಒಂದೇ: "ಆಸ್ಪರ್ಜರ್ ಇರೋರಿಗೆ ಜನ ಬೇಡ." ಈ ಮಾತು ತಪ್ಪು. ಜನ ಬೇಡ ಅನ್ನುವುದು ಬೇರೆ, ಜನರ ಜೊತೆ ಹೇಗಿರಬೇಕು ಅಂತ ತಿಳಿಯದೆ ಒದ್ದಾಡುವುದು ಬೇರೆ, ಜನರ ನಡುವೆ ಇದ್ದು ಇದ್ದು ಸುಸ್ತಾಗುವುದು ಇನ್ನೂ ಬೇರೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ, ಎಡವಟ್ಟಾಗುವುದೇ ಅಲ್ಲಿ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಈ ವಿಷಯಕ್ಕೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮಗನಿಗೆ 24 ವರ್ಷ. ಬಿ.ಕಾಂ. ಮುಗಿಸಿ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತಾನೆ. ಬೆಂಗಳೂರಿನಲ್ಲಿ ತೋರಿಸಿದಾಗ ಇದು ಆಟಿಸಂ, ಮೊದಲು ಇಂಥದ್ದಕ್ಕೆ ಆಸ್ಪರ್ಜರ್ ಅಂತಿದ್ವಿ ಅಂದರು ಡಾಕ್ಟರು. ಆದರೆ ಇವನು ಮಾತಾಡ್ತಾನೆ ಮೇಡಂ, ಬಸ್ಸಿನಲ್ಲಿ ಪಕ್ಕ ಯಾರು ಕೂತರೂ ಬಿಡಲ್ಲ. ಟಿ.ಬಿ. (ತುಂಗಭದ್ರಾ) ಡ್ಯಾಂ ಅಂದರೆ ಜೀವ. ಇವತ್ತು ಒಳಹರಿವು ಎಷ್ಟು, ಎಡದಂಡೆ ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದಾರೆ, ಎಲ್ಲ ಬಾಯಲ್ಲೇ ಇರುತ್ತೆ. 19ನೇ ಗೇಟ್ ಕೊಚ್ಚಿ ಹೋದಾಗ ಊರಿನ ರೈತರು ಮನೆಗೇ ಬಂದು ಇವನನ್ನ ಕೇಳ್ತಿದ್ರು. ಹೋದ ತಿಂಗಳು ಬೀಗರು ಊಟಕ್ಕೆ ಬಂದಿದ್ರು. ಇವನು ರೊಟ್ಟಿ ಬಡಿಸ್ತಿದ್ದ. ಅವರು "ಸಾಕಪ್ಪಾ, ಬ್ಯಾಡ" ಅಂದ್ರು. ಇವನು ರೊಟ್ಟಿ ಬುಟ್ಟಿ ಎತ್ಕೊಂಡು ಹೋಗಿ ಒಳಗೆ ಇಟ್ಟು ಬಂದ. ಅವರು ಒಂದೂವರೆ ರೊಟ್ಟಿಗೇ ಎದ್ದರು. ನನ್ನ ತಮ್ಮ ಅಂತಾನೆ, "ಇವನಿಗೇನೂ ಇಲ್ಲ ಅಕ್ಕಾ, ಆ ಕಾಯಿಲೆ ಇದ್ದೋರು ಮೂಲೇಲಿ ಕೂತಿರ್ತಾರೆ, ನೀನು ಬುದ್ಧಿ ಕಲಿಸಿಲ್ಲ ಅಷ್ಟೆ." ಯಾರ ಮಾತು ನಂಬಲಿ?
— ಒಬ್ಬ ತಾಯಿ, ಗಂಗಾವತಿ ತಾಲ್ಲೂಕು

ಉತ್ತರ: ತಾಯಿ, ಡಾಕ್ಟರ ಮಾತು ನಂಬಿ. ತಮ್ಮನ ಮೇಲೆ ಸಿಟ್ಟಾಗಬೇಡಿ, ಅವರು ಹೇಳಿದ್ದು ಊರೆಲ್ಲ ಅಂದುಕೊಂಡಿರುವುದನ್ನೇ. ಆದರೆ "ನೀನು ಬುದ್ಧಿ ಕಲಿಸಿಲ್ಲ" ಅನ್ನುವುದನ್ನು ಮಾತ್ರ ಇವತ್ತೇ ತಲೆಯಿಂದ ತೆಗೆದು ಹಾಕಿ. ತಾಯಿ ಬೆಳೆಸಿದ ರೀತಿಯಿಂದ ಆಟಿಸಂ ಬರುವುದಿಲ್ಲ. ಇದು ಹುಟ್ಟಿನಿಂದಲೇ ಇರುವ ಮಿದುಳಿನ ಬೆಳವಣಿಗೆಯ ವ್ಯತ್ಯಾಸ.

ಮೂಲೆಯಲ್ಲಿ ಕೂರುವವರು ಮಾತ್ರ ಆಟಿಸಂ ಇರುವವರು ಅನ್ನುವ ಮಾತು ತಜ್ಞರ ಮಟ್ಟದಲ್ಲಿ ಬಿದ್ದು ಹೋಗಿ ಎಷ್ಟೋ ವರ್ಷ ಆಯಿತು. 1979ರಲ್ಲಿ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ಅನ್ನುವ ಇಬ್ಬರು ಸಂಶೋಧಕರು ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ಮಕ್ಕಳನ್ನು ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಜನರ ಜೊತೆ ಬೆರೆಯುವ ವಿಷಯದಲ್ಲಿ ಈ ಮಕ್ಕಳು ಒಂದೇ ಥರ ಇಲ್ಲ ಅಂತ ಅವರು ಅದರಲ್ಲಿ ತೋರಿಸಿದರು. ಕೆಲವರು ದೂರವೇ ಉಳಿಯುತ್ತಾರೆ. ಕೆಲವರು ತಾವಾಗಿ ಬರುವುದಿಲ್ಲ, ಕರೆದರೆ ಬರುತ್ತಾರೆ, ಹೇಳಿದಂತೆ ಕೇಳುತ್ತಾರೆ. ಇನ್ನು ಕೆಲವರು ತಾವೇ ಮುಂದೆ ಬಿದ್ದು ಮಾತಾಡಿಸುತ್ತಾರೆ, ಆದರೆ ಅವರು ಮಾತಾಡಿಸುವ ಬಗೆ ಎದುರಿನವರಿಗೆ ವಿಚಿತ್ರ ಅನ್ನಿಸುತ್ತದೆ. ನಿಮ್ಮ ಮಗ ಈ ಮೂರನೇ ಸಾಲಿನವನು ಅಂತ ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ಈ ಲೋರ್ನಾ ವಿಂಗ್ ಅವರೇ 1981ರಲ್ಲಿ ಆಸ್ಪರ್ಜರ್ ಸಿಂಡ್ರೋಮ್ ಅನ್ನುವ ಹೆಸರನ್ನು ಚಲಾವಣೆಗೆ ತಂದವರು, ವಿಯೆನ್ನಾದ ಹಾನ್ಸ್ ಆಸ್ಪರ್ಜರ್ ಅನ್ನುವ ಡಾಕ್ಟರು 1944ರಲ್ಲಿ ಬರೆದಿದ್ದ ಮಕ್ಕಳ ವಿವರಣೆ ನೋಡಿ. ವಿಂಗ್ ಅವರ ಮಗಳಿಗೂ ಆಟಿಸಂ ಇತ್ತು. ಈಗ ಆ ಹೆಸರನ್ನು ಡಾಕ್ಟರುಗಳು ಬರೆಯುವುದು ಕಡಿಮೆ, ಯಾಕೆಂದರೆ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಆಟಿಸಂ ಸ್ಪೆಕ್ಟ್ರಮ್ ಒಳಗೆ ಸೇರಿಸಿತು, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿಯೂ 2022ರಿಂದ ಹಾಗೇ ಮಾಡಿದೆ. ನಾಜಿಗಳ ಕಾಲದಲ್ಲಿ ಅಂಗವಿಕಲ ಮಕ್ಕಳನ್ನು ಸಾವಿಗೆ ಕಳಿಸಿದ ವ್ಯವಸ್ಥೆಗೆ ಆಸ್ಪರ್ಜರ್ ಕೈ ಜೋಡಿಸಿದ್ದರು ಅನ್ನುವ ದಾಖಲೆ ಹೊರಬಂದ ಮೇಲೆ ಆ ಹೆಸರೇ ಬೇಡ ಅನ್ನುವವರೂ ಇದ್ದಾರೆ. ಈ ಅಂಕಣದಲ್ಲಿ ನಾನು ಎರಡೂ ಹೆಸರು ಬಳಸುತ್ತೇನೆ, ಜನ ಕೇಳುವುದು ಹಳೇ ಹೆಸರಿನಿಂದಲೇ ಅಲ್ವಾ.

ಈಗ ರೊಟ್ಟಿ ವಿಷಯಕ್ಕೆ ಬರೋಣ. ನಮ್ಮ ಕಡೆ ಬೀಗರು ಮೊದಲನೇ ಸಲ "ಬ್ಯಾಡ" ಅಂದರೆ ಯಾರೂ ನಿಲ್ಲಿಸುವುದಿಲ್ಲ. ಎರಡನೇ ಸಲ ಅಂದರೂ "ಅರ್ಧನಾದ್ರೂ ಹಾಕ್ಕೋರಿ" ಅಂತೀವಿ. ತಟ್ಟೆ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಆಗ ನಿಜವಾಗಿಯೂ ಬೇಡ ಅಂತ ಲೆಕ್ಕ. ಇದನ್ನು ನಮಗೆ ಯಾರೂ ಕೂರಿಸಿ ಪಾಠ ಮಾಡಿಲ್ಲ, ನೋಡಿ ನೋಡಿ ಬಂದಿದೆ. ನಿಮ್ಮ ಮಗನಿಗೆ ಹಾಗೆ ನೋಡಿ ಬರುವುದಿಲ್ಲ. ಅವನು ಬೀಗರ ಮಾತಿಗೆ ಬೆಲೆ ಕೊಟ್ಟ, ಬೇಡ ಅಂದವರಿಗೆ ಬಲವಂತ ಮಾಡಲಿಲ್ಲ. ಅವಮಾನ ಮಾಡಬೇಕು ಅನ್ನುವ ಯೋಚನೆ ಅವನ ಹತ್ತಿರವೂ ಸುಳಿದಿರುವುದಿಲ್ಲ. ಹಾಗಾಗಿ ಬೈಯಬೇಡಿ. "ಅಷ್ಟೂ ಗೊತ್ತಾಗಲ್ವಾ" ಅಂತ ಕೇಳಬೇಡಿ, ಯಾಕೆಂದರೆ ಗೊತ್ತಾಗುವುದಿಲ್ಲ ಅನ್ನುವುದೇ ಅವನ ಕಷ್ಟ. ನೇರವಾಗಿ ಹೇಳಿ: "ಮೂರು ಸಲ ಕೇಳಬೇಕು, ಕೈ ಅಡ್ಡ ಹಿಡಿದರೆ ನಿಲ್ಲಿಸಬೇಕು, ಬುಟ್ಟಿ ಮಾತ್ರ ಅಲ್ಲೇ ಇರಬೇಕು." ಇಂಥ ಹುಡುಗರು ಹೀಗೆ ಬಿಡಿಸಿ ಹೇಳಿದ್ದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಾರೆ ಅಂದರೆ, ಮುಂದಿನ ಸಲ ನಿಮ್ಮ ಬೀಗರು ಹೊಟ್ಟೆ ಬಿರಿಯುವಷ್ಟು ಉಂಡು ಏಳುತ್ತಾರೆ.

ಡ್ಯಾಂ ಮಾತನ್ನು ದಯವಿಟ್ಟು ನಿಲ್ಲಿಸಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾದಾಗ ಕಾಲುವೆ ಕೆಳಗಿನ ರೈತರಿಗೆಲ್ಲ ಇದ್ದದ್ದು ಒಂದೇ ಚಿಂತೆ, ನೀರು ಖಾಲಿಯಾದರೆ ಭತ್ತದ ಗತಿ ಏನು ಅಂತ. ಆಗ ನಿಮ್ಮ ಮನೆ ಮುಂದೆ ಜನ ನಿಂತರು. 1633 ಅಡಿ (ಡ್ಯಾಂ ಪೂರ್ತಿ ತುಂಬಿದ ಮಟ್ಟ) ಅಂದರೆ ಏನು, ಎಷ್ಟು ಅಡಿಗೆ ಇಳಿದರೆ ಗೇಟ್ ಕೂರಿಸಬಹುದು ಅಂತ ಗೊತ್ತಿದ್ದ ಹುಡುಗ ಅವರಿಗೆ ಬೇಕಾಗಿದ್ದ. ಜನರ ಜೊತೆ ಅವನಿಗೆ ನಂಟು ಬೆಳೆಯುವ ದಾರಿ ಇದೇ. ನಾವು ಸಾಮಾನ್ಯವಾಗಿ ಮೊದಲು ಆರಾಮ ಕೇಳಿ, ಮನೆ ಮಂದಿಯ ಸುದ್ದಿ ಕೇಳಿ, ಆಮೇಲೆ ವಿಷಯಕ್ಕೆ ಬರುತ್ತೇವೆ. ಅವನು ವಿಷಯದಿಂದ ಶುರು ಮಾಡಿ ಮನುಷ್ಯರ ಹತ್ತಿರ ಬರುತ್ತಾನೆ. ಅವನಿಗೆ ಕಲಿಸಬೇಕಾದ್ದು ಒಂದೇ, ನಿಲ್ಲಿಸುವ ಗುರುತು. ಎದುರಿನವರು ಮೊಬೈಲ್ ನೋಡಲು ಶುರು ಮಾಡಿದರೆ, ಎರಡು ಸಲ ಬರೀ "ಹೂಂ" ಅಂದರೆ, "ನಿಮ್ಮ ಹೊಲದ ಕಥೆ ಹೇಳಿ" ಅಂತ ಅವರಿಗೆ ಮಾತು ಬಿಟ್ಟುಕೊಡಬೇಕು. ಇದನ್ನೂ ಹೇಳಿಯೇ ಕೊಡಬೇಕು, ಅವನಾಗಿ ಕಂಡುಕೊಳ್ಳಲಿ ಅಂತ ಕಾಯಬೇಡಿ.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಆತಂಕ ಇದೆ. ಮೂಲೆಯಲ್ಲಿ ಕೂತವರಿಗಿಂತ ಹೀಗೆ ಎಲ್ಲರನ್ನೂ ಮಾತಾಡಿಸುವವರೇ ಬೇಗ ಮೋಸ ಹೋಗುತ್ತಾರೆ. ಸ್ನೇಹಿತ ಅಂದರೆ ಸ್ನೇಹಿತ ಅಂತ ನಂಬಿಬಿಡುತ್ತಾರೆ. ಬೈಕ್ ಒಯ್ದವನು ತಂದುಕೊಡುವುದಿಲ್ಲ, ಸಾಲ ಇಸ್ಕೊಂಡವನು ಫೋನ್ ಎತ್ತುವುದಿಲ್ಲ, ಯಾರೋ ಒ.ಟಿ.ಪಿ. ಕೇಳಿದರೆ ಓದಿ ಹೇಳುತ್ತಾರೆ. ಐನೂರು ರೂಪಾಯಿ ಮೇಲೆ ಯಾರು ಕೇಳಿದರೂ "ಅಮ್ಮನನ್ನ ಕೇಳಿ ಹೇಳ್ತೀನಿ" ಅನ್ನುವುದನ್ನು ಒಂದು ನಿಯಮ ಮಾಡಿಕೊಡಿ. ಅವನು ಚಿಕ್ಕ ಹುಡುಗ ಅಂತ ಅಲ್ಲ, ಯೋಚಿಸಲು ಅವನಿಗೆ ಸಮಯ ಸಿಗಲಿ ಅಂತ.

ಪ್ರಶ್ನೆ: ಮೇಡಂ, ಮಗಳಿಗೆ 10 ವರ್ಷ, ಆಟಿಸಂ ಇದೆ. ಗವಿಮಠದ ಜಾತ್ರೆ ಅಂದರೆ ಕುಣೀತಾಳೆ, ತಿಂಗಳ ಮೊದಲೇ ದಿನ ಎಣಿಸ್ತಾಳೆ. ಆದರೆ ತೇರು ಎಳೆಯೋ ದಿನ ಕರ್ಕೊಂಡು ಹೋದ್ರೆ ಕಿವಿ ಮುಚ್ಕೊಂಡು ಚೀರಾಡ್ತಾಳೆ. "ಜನ ಆಗಲ್ಲ ಆಕಿಗೆ, ಮನೇಲಿ ಬಿಟ್ಟು ಬರ್ರಿ" ಅಂತಾರೆ ಅತ್ತೆ. ಏನು ಮಾಡಲಿ?
— ಕೊಪ್ಪಳ

ಉತ್ತರ: ಬಿಟ್ಟು ಹೋಗಬೇಡಿ. ನಿಮ್ಮ ಮಗಳಿಗೆ ಬೇಡವಾಗಿರುವುದು ಜನ ಅಲ್ಲ, ಸದ್ದು ಮತ್ತು ನೂಕುನುಗ್ಗಲು. ಲಕ್ಷಗಟ್ಟಲೆ ಜನ ಒಟ್ಟಿಗೆ ಜಯಕಾರ ಹಾಕುವಾಗ ನಮಗೆ ಮೈ ಜುಮ್ ಅನ್ನುತ್ತದೆ, ಆಕೆಗೆ ಕಿವಿ ನೋಯುತ್ತದೆ. ಜಾತ್ರೆ ಒಂದೇ ದಿನದ್ದಲ್ಲವಲ್ಲ. ರಥೋತ್ಸವ ಮುಗಿದ ಮೇಲೂ ದಾಸೋಹ ವಾರಗಟ್ಟಲೆ ನಡೆಯುತ್ತದೆ, ಅಂಗಡಿಗಳೂ ಇರುತ್ತವೆ. ಒಂದು ದಿನ ಬೆಳಿಗ್ಗೆ ಬೇಗ ಹೋಗಿ. ಎಲ್ಲಿಗೆ ಮೊದಲು, ಎಲ್ಲಿಗೆ ಆಮೇಲೆ, ಯಾವಾಗ ವಾಪಸ್, ಎಲ್ಲ ಹಿಂದಿನ ದಿನವೇ ಚಿತ್ರ ಬರೆದು ತೋರಿಸಿ. ಸದ್ದು ತಡೆಯುವ ಹೆಡ್‌ಫೋನ್ ಹಾಕಿ, ಸಾಕು ಅಂದ ಕ್ಷಣ ಹೊರಟುಬಿಡಿ. ತೇರನ್ನು ಮನೆಯಲ್ಲಿ ಮೊಬೈಲಿನಲ್ಲಿ ಸದ್ದು ಕಡಿಮೆ ಇಟ್ಟು ನೋಡಲಿ, ತಪ್ಪೇನಿದೆ? ಅತ್ತೆಯವರನ್ನೂ ಬೆಳಗಿನ ಹೊತ್ತು ಜೊತೆಗೆ ಕರೆದುಕೊಂಡು ಹೋಗಿ, ಆಕೆ ನಗುವುದನ್ನು ಅವರೂ ನೋಡಲಿ.

ಪ್ರಶ್ನೆ: ನಮ್ಮ ಮನೆಯವರು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಮದುವೆಯಾಗಿ ಏಳು ವರ್ಷ. ಮದುವೆ, ಗೃಹಪ್ರವೇಶ ಅಂದರೆ ಅಕ್ಷತೆ ಹಾಕಿ ಹೊರಗೆ ಹೋಗಿ ಕಾರಿನಲ್ಲಿ ಕೂತ್ಕೊಳ್ತಾರೆ. ಹೋದ ವರ್ಷ ನಮ್ಮಪ್ಪ ತೀರಿಕೊಂಡ್ರು. ಇವರು ನನ್ನ ಹತ್ತಿರ ಒಂದು ಮಾತು ಆಡಲಿಲ್ಲ, ಕಣ್ಣೀರೂ ಹಾಕಲಿಲ್ಲ. ಆಸ್ಪತ್ರೆ ಕಾಗದ, ಗಾಡಿ, ಬಂದವರಿಗೆ ನೀರು, ಶಾಮಿಯಾನ, ಬರೀ ಇದನ್ನೇ ಓಡಾಡಿ ಮಾಡ್ತಿದ್ರು. ನಮ್ಮ ದೊಡ್ಡಮ್ಮ "ಕಲ್ಲು ಮನಸ್ಸಿನೋನು" ಅಂದ್ರು. ಈಗ ಇವರು ತಾವೇ ಓದಿ, ತನಗೆ ಆಸ್ಪರ್ಜರ್ ಇರಬಹುದು ಅಂತಿದಾರೆ. ಅಂದರೆ ಇವರಿಗೆ ಭಾವನೆಗಳೇ ಇಲ್ಲ ಅಂತಾನಾ?
— ರಾಯಚೂರು

ಉತ್ತರ: ಇಲ್ಲ ಅಕ್ಕ, ಹಾಗಲ್ಲ. ಆಸ್ಪರ್ಜರ್ ಹೌದೋ ಅಲ್ಲವೋ ಅಂತ ಪತ್ರ ನೋಡಿ ಹೇಳಲು ಬರುವುದಿಲ್ಲ, ಅದನ್ನು ತಜ್ಞರೇ ಕೂತು ಮಾತಾಡಿ ಹೇಳಬೇಕು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಎರಡೂ ಸಂದರ್ಭದಲ್ಲಿ ಒಂದೇ.

ನೀವೇ ಬರೆದದ್ದನ್ನು ಇನ್ನೊಂದು ಸಲ ಓದಿ. ಅಪ್ಪ ಹೋದ ದಿನ ಆಸ್ಪತ್ರೆ ಕಾಗದ ಮಾಡಿಸಿದವರು ಯಾರು, ಗಾಡಿ ತಂದವರು ಯಾರು, ಬಿಸಿಲಲ್ಲಿ ನಿಂತವರಿಗೆ ನೆರಳು ಮಾಡಿದವರು ಯಾರು? ಕಲ್ಲು ಮನಸ್ಸಿನವರು ಅಷ್ಟು ಓಡಾಡುವುದಿಲ್ಲ. ನಿಮಗೆ ಏನು ಹೇಳಬೇಕು ಅಂತ ಅವರಿಗೆ ತಿಳಿಯಲಿಲ್ಲ, ಏನು ಮಾಡಬೇಕು ಅಂತ ತಿಳಿಯಿತು. ಎದುರಿನವರ ಮುಖ ನೋಡಿ ಒಳಗೆ ಏನು ನಡೆಯುತ್ತಿದೆ ಅಂತ ಊಹಿಸುವುದು ಒಂದು ಶಕ್ತಿ. ಅವರ ನೋವು ಗೊತ್ತಾದ ಮೇಲೆ ನಮಗೂ ಸಂಕಟ ಆಗುವುದು ಇನ್ನೊಂದು. ಆಸ್ಪರ್ಜರ್ ಇರುವವರಿಗೆ ಕಷ್ಟ ಆಗುವುದು ಸಾಮಾನ್ಯವಾಗಿ ಮೊದಲನೆಯದು. ಎರಡನೆಯದು ಎಷ್ಟೋ ಜನರಲ್ಲಿ ತುಂಬಿ ಹರಿಯುವಷ್ಟಿರುತ್ತದೆ, ತಾಳಲಾರದೆ ಎದ್ದು ಹೋಗುವವರೂ ಇದ್ದಾರೆ. ಇದರ ಜೊತೆಗೆ ಇನ್ನೂ ಒಂದಿದೆ. ತನಗೆ ಆಗುತ್ತಿರುವುದು ದುಃಖವೋ ಸಿಟ್ಟೋ ಭಯವೋ ಅಂತ ತನಗೇ ಗುರುತಿಸಲು ಆಗದಿರುವುದು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ತೊಂದರೆ ಇರುತ್ತದೆ ಅಂತ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡುಬಂತು. ಉಳಿದ ಅರ್ಧ ಜನಕ್ಕೆ ಇಲ್ಲ ಅನ್ನುವುದನ್ನೂ ನೆನಪಿಡಿ.

ಹಾಗಂತ ನಿಮ್ಮ ನೋವು ಸುಳ್ಳಲ್ಲ. ಅಪ್ಪನನ್ನು ಕಳಕೊಂಡ ಮಗಳಿಗೆ ಗಂಡ ಪಕ್ಕದಲ್ಲಿ ಬೇಕು ಅನ್ನಿಸುವುದು ನ್ಯಾಯವೇ. "ಅವರಾಗೇ ಅರ್ಥ ಮಾಡ್ಕೊಳ್ಳಲಿ" ಅಂತ ಕಾಯುವುದನ್ನು ಮಾತ್ರ ಬಿಡಿ. ಕೇಳಿ: "ನನ್ನ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ, ಕೈ ಹಿಡ್ಕೊಳ್ಳಿ, ಏನೂ ಹೇಳಬೇಡಿ." ಕೇಳಿ ಪಡೆದದ್ದಕ್ಕೆ ಬೆಲೆ ಕಡಿಮೆ ಅಂತ ನಮ್ಮ ಮನಸ್ಸಿನಲ್ಲಿ ಕೂತಿದೆ, ಅದು ಸರಿಯಲ್ಲ. ಕೇಳಿದ ತಕ್ಷಣ ಬಂದು ಕೂರುವವರು ಪ್ರೀತಿ ಇದ್ದೇ ಬಂದಿರುತ್ತಾರೆ. ಹಾಗೇ ಒಂದು ಎಚ್ಚರಿಕೆ, ಇದು ನಿಮ್ಮವರಿಗೆ ಅಂತಲ್ಲ, ಓದುವ ಎಲ್ಲರಿಗೂ: ಬೈಗುಳ, ಹೊಡೆತ, ಹೀಯಾಳಿಕೆಗೆ ಆಸ್ಪರ್ಜರ್ ಕಾರಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಾರಿನಲ್ಲಿ ಕೂರುವ ವಿಷಯ. ಛತ್ರದ ಮೈಕು, ವಾಲಗ, ನೂರು ಜನ "ಗುರುತು ಸಿಕ್ಕಿತಾ?" ಅಂತ ಕೇಳುವುದು, ಇಷ್ಟರ ನಡುವೆ ಬಂದು ಅಕ್ಷತೆ ಹಾಕುತ್ತಾರಲ್ಲ, ಅದು ನಿಮ್ಮ ಸಲುವಾಗಿ. ಆಮೇಲೆ ಅರ್ಧ ಗಂಟೆ ಕಾರಿನಲ್ಲಿ ಕೂತು ಮತ್ತೆ ಊಟಕ್ಕೆ ಬರುವ ಹಾಗೆ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಅಕ್ಕಾ, ನನಗೆ 26. ಬಳ್ಳಾರಿಯಲ್ಲಿ ಕೆಲಸ. ಹೋದ ವರ್ಷ ನನಗೆ ಆಟಿಸಂ ಅಂತ ಗೊತ್ತಾಯ್ತು. ಆಫೀಸಿನಲ್ಲಿ ಆಪ್ತ ಗೆಳತಿಗೆ ಹೇಳಿದೆ. ಆಕೆ ನಕ್ಕು, "ಸುಮ್ನಿರೇ, ನಿನ್ನಷ್ಟು ಜನರ ಜೊತೆ ಬೆರೆಯೋರು ಯಾರಿದಾರೆ? ಸಂಜೆ ಮಿರ್ಚಿ, ಒಗ್ಗರಣಿ ಅಂದ್ರೆ ಮೊದಲು ಹೊರಡೋಳು ನೀನೇ" ಅಂದಳು. ಆಕೆಗೆ ಗೊತ್ತಿಲ್ಲ, ಹೋಗೋ ಮುಂಚೆ ಏನು ಮಾತಾಡಬೇಕು ಅಂತ ಮನಸ್ಸಲ್ಲೇ ಬರ್ಕೊಂಡಿರ್ತೀನಿ. ಯಾರು ನಗ್ತಾರೋ ನೋಡಿ ನಾನೂ ನಗ್ತೀನಿ. ಮನೆಗೆ ಬಂದು ಲೈಟ್ ಆರಿಸಿ ಮಲಗಿಬಿಡ್ತೀನಿ, ಅಮ್ಮ ಕರೆದರೂ ಮಾತು ಹೊರಡಲ್ಲ. ನಾನು ನಾಟಕ ಮಾಡ್ತಿದೀನಾ?
— ಬಳ್ಳಾರಿ

ಉತ್ತರ: ನಾಟಕ ಅಲ್ಲಮ್ಮ, ಕೆಲಸ. ಸಂಬಳ ಇಲ್ಲದ ಎರಡನೇ ಕೆಲಸ ಮಾಡುತ್ತಿದ್ದೀಯ, ಅದೂ ಇಡೀ ದಿನ.

ಎದುರಿನವರ ನಗು, ದನಿ, ಕೈ ಅಲ್ಲಾಡಿಸುವ ರೀತಿ ಎಲ್ಲ ಗಮನಿಸಿ ತಾವೂ ಹಾಗೇ ಮಾಡುತ್ತಾ ತಮ್ಮ ಕಷ್ಟ ಮುಚ್ಚಿಕೊಳ್ಳುವುದನ್ನು ಸಂಶೋಧಕರು ಮರೆಮಾಚುವಿಕೆ ಅನ್ನುತ್ತಾರೆ. 2017ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ ದೊಡ್ಡವರನ್ನೇ ಕೇಳಿದರು, ಯಾಕೆ ಹೀಗೆ ಮಾಡುತ್ತೀರಿ ಅಂತ. ಜನರ ಜೊತೆ ಸೇರಿಕೊಳ್ಳಬೇಕು, ಸ್ನೇಹ ಬೇಕು ಅನ್ನುವುದೇ ದೊಡ್ಡ ಕಾರಣವಾಗಿತ್ತು. ಅದರ ಬೆಲೆ ಏನು ಅಂತ ಕೇಳಿದಾಗ ಬಂದದ್ದು ನೀನು ಹೇಳಿದ್ದೇ, ವಿಪರೀತ ಸುಸ್ತು. ಜನ ಬೇಡವಾದವಳು ಇಷ್ಟು ಕಷ್ಟ ಪಡುತ್ತಾಳಾ ಹೇಳು. ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ, ಅದಕ್ಕೇ ಎಷ್ಟೋ ಜನರಿಗೆ ತಡವಾಗಿ ಗೊತ್ತಾಗುತ್ತದೆ. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನ್ನಿಸುತ್ತದೆ. ಹೆಣ್ಣುಮಗಳು ಕಣ್ಣು ತಗ್ಗಿಸಿ, ಕಡಿಮೆ ಮಾತಾಡಿ, ಹೇಳಿದಷ್ಟು ಮಾಡಿಕೊಂಡು ಇದ್ದರೆ "ಎಷ್ಟು ಮರ್ಯಾದಸ್ಥೆ" ಅಂತ ಹೊಗಳುತ್ತೇವೆಯೇ ಹೊರತು, ಈ ಮಗುವಿಗೆ ಏನಾದರೂ ಕಷ್ಟ ಇದೆಯಾ ಅಂತ ಯಾರೂ ಕೇಳುವುದಿಲ್ಲ.

ಮರೆಮಾಚುವುದನ್ನು ಒಮ್ಮೆಲೇ ಬಿಡು ಅಂತ ನಾನು ಹೇಳುವುದಿಲ್ಲ, ಕೆಲಸದ ಜಾಗದಲ್ಲಿ ಅದು ನಿನ್ನ ರಕ್ಷಣೆಯೂ ಹೌದು. ಆದರೆ ಜಾಸ್ತಿ ದಿನ ಹೀಗೇ ನಡೆದರೆ ಆತಂಕ, ಖಿನ್ನತೆ ಹತ್ತಿಕೊಳ್ಳುವ ಅಪಾಯ ಇದೆ. ವಾರದಲ್ಲಿ ಒಂದು ಸಂಜೆ ಮಾತ್ರ ಹೋಗು. ಆರು ಜನರ ಗುಂಪಿನ ಬದಲು ಒಬ್ಬಳ ಜೊತೆ ಹೋಗು. ಅಂಗಡಿ ಮುಂದಿನ ಗದ್ದಲದಲ್ಲಿ ನಿಂತು ತಿನ್ನುವುದಕ್ಕಿಂತ ಮಿರ್ಚಿ ಕಟ್ಟಿಸಿಕೊಂಡು ಮನೆ ಮೇಲಿನ ತಾರಸಿಗೆ ಕರೆದುಕೊಂಡು ಬಾ. ಗೆಳತಿ ನಕ್ಕಿದ್ದು ಕೆಟ್ಟ ಮನಸ್ಸಿನಿಂದಲ್ಲ, ನೀನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೀಯ. ನನಗೆ ಬರೆದ ಇದೇ ನಾಲ್ಕು ಸಾಲನ್ನು ಆಕೆಗೂ ಓದಿಸು. ಅಮ್ಮನಿಗೂ ಹೇಳು, ಆಫೀಸಿನಿಂದ ಬಂದ ಮೇಲೆ ಒಂದು ಗಂಟೆ ಮಾತಾಡಿಸಬೇಡ ಅಂತ. ಸಾಧ್ಯವಾದರೆ ಆಟಿಸಂ ಇರುವ ಬೇರೆ ದೊಡ್ಡವರ ಪರಿಚಯ ಮಾಡಿಕೋ. ಡೇಮಿಯನ್ ಮಿಲ್ಟನ್ ಅಂತ ಒಬ್ಬ ಸಂಶೋಧಕರಿದ್ದಾರೆ, ಬ್ರಿಟನ್ನಿನವರು, ಅವರಿಗೂ ಆಟಿಸಂ ಇದೆ. 2012ರಲ್ಲಿ ಅವರು ಹೇಳಿದ್ದು ಇಷ್ಟು: ತಪ್ಪು ತಿಳಿಯುವುದು ಎರಡೂ ಕಡೆಯಿಂದ ಆಗುತ್ತದೆ. ಆಟಿಸಂ ಇರುವವರಿಗೆ ಅದು ಇಲ್ಲದ ನಾವು ಅರ್ಥ ಆಗುವುದಿಲ್ಲ, ನಮಗೂ ಅವರು ಅರ್ಥ ಆಗುವುದಿಲ್ಲ, ಆದರೆ ಕೊರತೆಯ ಲೆಕ್ಕ ಮಾತ್ರ ಒಬ್ಬರ ಹೆಸರಿಗೆ ಬರೆಯುತ್ತೇವೆ. 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ಸಾಲಾಗಿ ದಾಟಿಸುವ ಪ್ರಯೋಗ ಪ್ರಕಟಿಸಿದರು. ಎಲ್ಲರಿಗೂ ಆಟಿಸಂ ಇದ್ದ ಸಾಲು, ಯಾರಿಗೂ ಇಲ್ಲದ ಸಾಲಿಗಿಂತ ಏನೂ ಕಡಿಮೆ ಇರಲಿಲ್ಲ. ಅಂಥವರ ಜೊತೆ ಕೂತಾಗ ನಿನಗೆ ಮಾತು ಮೊದಲೇ ಬರೆದುಕೊಳ್ಳುವ ಅಗತ್ಯ ಬೀಳದಿರಬಹುದು.

ಪ್ರಶ್ನೆ: ಮಗನಿಗೆ 27. ಇಂಜಿನಿಯರಿಂಗ್ ಆಗಿದೆ. ಯಾರ ಜೊತೆಗೂ ಸೇರಲ್ಲ, ರೂಮಿನಲ್ಲೇ ಇರ್ತಾನೆ. ಪರಿಚಯದ ಶಿಕ್ಷಕರು ಆಸ್ಪರ್ಜರ್ ಇರಬಹುದು ತೋರಿಸಿ ಅಂದ್ರು. ನೆಂಟರು "ಮದುವೆ ಮಾಡ್ರಿ, ಎಲ್ಲ ಸರಿ ಹೋಗುತ್ತೆ" ಅಂತಿದಾರೆ. ಸರಿ ಹೋಗುತ್ತಾ? ಎಲ್ಲಿ ತೋರಿಸಬೇಕು?
— ಒಬ್ಬ ತಂದೆ, ಸಿಂಧನೂರು

ಉತ್ತರ: ಮದುವೆಯಿಂದ ಸರಿ ಹೋಗುವುದಿಲ್ಲ ಸರ್. ಆಸ್ಪರ್ಜರ್ ಇರುವವರು ಮದುವೆಯಾಗಿ ಚೆನ್ನಾಗಿ ಬಾಳುತ್ತಾರೆ, ಅದು ಬೇರೆ ಮಾತು. ಆದರೆ ಅವನಿಗೆ ಮನಸ್ಸಿದ್ದರೆ, ಹುಡುಗಿಗೆ ಎಲ್ಲ ಗೊತ್ತಿದ್ದು ಒಪ್ಪಿದರೆ ಮಾತ್ರ. ಮುಚ್ಚಿಟ್ಟು ಮಾಡಿದರೆ ಎರಡು ಜೀವಕ್ಕೆ ಅನ್ಯಾಯ.

ರೂಮಿನಲ್ಲೇ ಇರುವುದಕ್ಕೆ ಆಸ್ಪರ್ಜರ್ ಒಂದೇ ಕಾರಣ ಅಲ್ಲ. ಖಿನ್ನತೆ ಇರಬಹುದು, ಜನರ ಮುಂದೆ ಹೋಗಲು ಭಯ ಇರಬಹುದು, ಬೇರೆ ಕಾಯಿಲೆಯ ಶುರುವೂ ಇರಬಹುದು. ಚಿಕ್ಕಂದಿನಿಂದ ಹೀಗೇ ಇದ್ದನಾ, ಇತ್ತೀಚೆಗೆ ಬದಲಾದನಾ? ಇದು ಮುಖ್ಯವಾದ ಪ್ರಶ್ನೆ. ಇತ್ತೀಚಿನ ಬದಲಾವಣೆ ಆಗಿದ್ದರೆ ತಡ ಮಾಡಬೇಡಿ. ಆಟಿಸಂ 27ಕ್ಕೆ ಹೊಸದಾಗಿ ಬರುವುದಿಲ್ಲ.

ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ನ ಮನೋರೋಗ ವಿಭಾಗಕ್ಕೆ ಮೊದಲು ಹೋಗಿ. ಮಾನಸಿಕ ಆರೋಗ್ಯದ ಸೇವೆ ಜಿಲ್ಲೆಗಳಿಗೆ ಬಂದ ದಾರಿ ನಮ್ಮ ಕಡೆಯಿಂದಲೇ ಶುರುವಾದದ್ದು. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹಾಗಾಗಿ ಮನೋವೈದ್ಯರ ಹತ್ತಿರ ಹೋಗಲು ಸಂಕೋಚ ಬೇಡ. ಇನ್ನೂ ವಿವರವಾಗಿ ನೋಡಬೇಕು ಅಂದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಮಗ ಬರಲು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಟಿಸಂ ಅಂತಲೇ ಖಚಿತವಾದರೆ, ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಯು.ಡಿ.ಐ.ಡಿ. ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ.

ತೋರಿಸಲು ಹೋಗುವಾಗ ಹಳೇ ಶಾಲೆಯ ಪ್ರೋಗ್ರೆಸ್ ಕಾರ್ಡುಗಳನ್ನು ತೆಗೆದುಕೊಂಡು ಹೋಗಿ, ಅದರಲ್ಲಿ ಟೀಚರುಗಳು ಬರೆದ ಒಂದೊಂದು ಸಾಲೂ ಡಾಕ್ಟರಿಗೆ ಬೇಕಾಗುತ್ತದೆ. ಅವನ ತಾಯಿಯೂ ಜೊತೆಗೆ ಬರಲಿ. ಯಾವ ವಯಸ್ಸಿಗೆ ಮಾತು ಬಂತು, ಯಾವ ಆಟ ಆಡುತ್ತಿದ್ದ, ಯಾವುದಕ್ಕೆ ಹಟ ಹಿಡಿಯುತ್ತಿದ್ದ, ಇದನ್ನೆಲ್ಲ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಗನನ್ನೂ ಕೇಳಿ, ಅವನಿಗೆ ಏನು ಕಷ್ಟ ಅಂತ. ಎದುರಿಗೆ ಹೇಳಲು ಆಗದಿದ್ದರೆ ವಾಟ್ಸಾಪಿನಲ್ಲಿ ಬರೆದು ಕಳಿಸು ಅಂತ ಹೇಳಿ.